ಹಗೇವಿಲ್ಲದ ಬಂಗಲೆ

ಮಧ್ಯಾಹ್ನ ಮೂರು ಗಂಟೆಗೆ, ಗಂಡಾಂತರ ಶುರುವಾದಾಗ, ನಾನು ಇಂಗ್ಲೆಂಡಿನಲ್ಲಿದ್ದೆ. ಅಂದರೆ ಹುಮನಾಬಾದಿನ ನಮ್ಮ ಪಡಸಾಲೆಯಲ್ಲಿ ಅಡ್ಡಾಗಿ, ಕಾಲೇಜಿನಿಂದ ತಂದ ಪತ್ರಿಕೆಯ ಚಿತ್ರವೊಂದರೊಳಗೆ ಸೇರಿಕೊಂಡಿದ್ದೆ. ಜಾರ್ಜ್ ದೊರೆಗಳ ಕಾಲದ ಹಳ್ಳಿಯ ಬಂಗಲೆ. ಹುಲ್ಲುಹಾಸಿನಾಚೆ ಕೆಂಪು ಇಟ್ಟಿಗೆ, ಬಾಗಿಲ ಎಡಬಲಕ್ಕೆ ಸಮಸಮವಾಗಿ ಕಿಟಕಿಗಳು. ಆ ಮನೆಯನ್ನು ಸರ್ಕಾರವೇ ಕಾಯುತ್ತದಂತೆ. ಅಪ್ಪಣೆಯಿಲ್ಲದೆ ಒಂದು ಮೊಳೆ ಹೊಡೆಯುವಂತಿಲ್ಲವಂತೆ. ನಾನು ಮೆಲ್ಲಗೆ ಮೆಟ್ಟಿಲೇರಿ ಮಲಗುವ ಕೋಣೆ ಆರಿಸುತ್ತಿದ್ದಾಗ ಬಂದೂಕಿನ ಸದ್ದಾಯಿತು. ನಿಜಾಮಶಾಹಿಯ ಕೊನೆಯ ದಿನಗಳವು; ಹಿಂದೂಗಳ ಮನೆ ಲೂಟಿ ಮಾಡುವ ಗುಂಪು ಬಸವಕಲ್ಯಾಣದ ದಾರಿಯಿಂದ ಊರು ಹೊಕ್ಕಿತ್ತು.

"ಹಗೇವಿಗಿ ಇಳಿ!" ಎಂದಳು ಅವ್ವ. ಅಂಗಳದ ನೆಲದೊಳಗೆ ಜೋಳ ತುಂಬಿಡುವ ಕುಣಿ ಅದು, ಆಗ ಖಾಲಿಯಿತ್ತು. ಒಳಗಿನ ಗಾಳಿ ಕೆಟ್ಟಿರುತ್ತದೆಂದು ಮೊದಲು ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯರು ಇಳಿಯುವುದು ಪದ್ಧತಿ. ಪದವೀಧರನಾದ ನಾನು ಮೊದಲು ಇಳಿಸಿದ್ದು ಪತ್ರಿಕೆಯನ್ನು. ಅವ್ವ ನನ್ನ ತೋಳು ಜಗ್ಗಿ ಲಾಟೀನು ಇಳಿಬಿಟ್ಟಳು. ನಾವು ಇಳಿದ ಮೇಲೆ ಪಕ್ಕದ ಮನೆಯ ಅತ್ತರು ಮಾರುವ ಖಾಸಿಂ ಚಾಚಾ ಕುಣಿಯ ಬಾಯಿಗೆ ಕಲ್ಲು ಸರಿಸಿ, ಮೇಲೆ ತಮ್ಮ ಹೊರಸು ಹಾಕಿ ಮಲಗಿದರು.

ಅವ್ವನ ನಡುಕ ನಿಲ್ಲಲೆಂದು ಬಂಗಲೆಯ ವರ್ಣನೆ ಶುರುಮಾಡಿದೆ. "ಅಷ್ಟ್ ಕಿಟಕಿ ಇದ್ರ ಅಡಗೋದ್ ಎಲ್ಲೋ? ಹಗೇವು ಅದ ಏನು?" ಎಂದಳು. ಸರ್ಕಾರ ಕಾಯ್ತದವ್ವಾ ಎಂದೆ. "ಇಟ್ಟಂಗಿ ಕಾಯ್ತದ. ಮಂದೀನ ಯಾರ್ ಕಾಯ್ತಾರ?"

ಮೇಲಿನಿಂದ ಚಾಚಾ ಪಿಸುಗುಟ್ಟಿದರು: "ಅಕ್ಕಾ, ಜರಾ ಚುಪ್ ಇರ್ರಿ. ನಾ ಗೊರಕಿ ಹೊಡ್ಯಾಕತ್ತೇನಿ. ಗೊರಕಿ ಕನ್ನಡದಾಗ ಜಗಳಾಡಿದ್ರ ಅವ್ರಿಗಿ ಶಕ್ ಬರ್ತದ!"

ಬೂಟುಗಳು ಬಂದವು, ಗೊರಕೆ ಕೇಳಿದವು, ಹೋದವು.

ಮುಂದೆ ನಿಜಾಮಶಾಹಿ ಮುಗಿದಾಗ ಬೇರೆ ಗುಂಪು ಬಂತು, ಚಾಚಾನನ್ನು ಹುಡುಕಿಕೊಂಡು. ಅವ್ವ ಲಾಟೀನು ಇಳಿಸಿ, ಚಾಚಾನ ಮನೆಯವರನ್ನೆಲ್ಲ ಇಳಿಸಿದಳು. "ಗೊರಕಿ ನನಗ ಬರಂಗಿಲ್ಲಣ್ಣಾ" ಎಂದಳು. ಕುಣಿಯೊಳಗಿಂದ ಉತ್ತರ ಬಂತು: "ಬೇಟಾನ್ನ ಮಲಗಸ್ರಿ. ಹೆಂಗೂ ಎಚ್ಚರಿದ್ರೂ ಅವ ಇಂಗ್ಲೆಂಡಿನಾಗೇ ಇರ್ತಾನ." ಅಂಗಳದಲ್ಲೇ ಉಳಿದಿದ್ದ ಚಾಚಾನ ಹೊರಸನ್ನು ಕಲ್ಲಿನ ಮೇಲೆಳೆದು ಮಲಗಿದೆ. ಗೊರಕೆಯ ಬದಲು ಹಲ್ಲು ಕಟಕಟ ಎಂದವು. "ಚಳಿಜ್ವರ ಬಂದದ್ರಿ, ದೂರ ನಿಂದರ್ರಿ" ಎಂದಳು ಅವ್ವ. ನಂಬಿದರು. ಇವತ್ತಿಗೂ ಮೂರು ಗಂಟೆ ಹೊಡೆದರೆ ನನ್ನ ಕೈ ಲಾಟೀನು ತಡಕುತ್ತದೆ.

ಚಾಚಾ ಮತ್ತೆ ಅಂಗಡಿ ತೆರೆದು, ಹೊರಸನ್ನು ಮನೆಗೆ ಒಯ್ದ ದಿನ ಎರಡೂ ಮನೆಗಳು ರಾತ್ರಿಯಿಡೀ ನಿದ್ದೆ ಮಾಡಿದವು. ನಾನು ಕೊನೆಗೂ ನನ್ನ ಬಂಗಲೆಗೆ ಹೋದೆ. ಕಿಟಕಿಗಳ ಕಡೆ ನೋಡಲೂ ಇಲ್ಲ. ಮೊಳೆ ಹೊಡೆಯಲೂ ಅಪ್ಪಣೆ ಬೇಕಾದ ಆ ಮನೆಯ ಹುಲ್ಲುಹಾಸಿನಲ್ಲಿ, ಯಾರನ್ನೂ ಕೇಳದೆ, ಎರಡು ಸಂಸಾರಕ್ಕೆ ಸಾಲುವಷ್ಟು ಹಗೇವು ಅಗೆಯುತ್ತಿದ್ದಾಗಲೇ ಬೆಳಗಾಯಿತು.