ಏನೂ ತರಬೇಡ ಅಂದಳು ಹೆಲೆನ್

"ಶನಿವಾರ ಮಧ್ಯಾಹ್ನ ನಮ್ಮನೆಗೆ ಊಟಕ್ಕೆ ಬಾ. ಏನೂ ತರಬೇಡ."

ಹೆಲೆನ್ ಕಳಿಸಿದ ಈ ಮೆಸೇಜನ್ನು ಸಮರ್ಥ ಶನಿವಾರ ಬೆಳಿಗ್ಗೆ ಲಿಫ್ಟಿನಲ್ಲಿ ಮೇಲಿನ ಫ್ಲ್ಯಾಟಿನ ಡಾಕ್ಟರ್ ಅಮೃತಪ್ಪನವರಿಗೆ ತೋರಿಸಿದ್ದೇ ತಪ್ಪಾಯಿತು.

ಹೆಲೆನ್ ಅವನ ಮ್ಯಾನೇಜರು. ಡಿಸೆಂಬರಿನ ಕೊನೆಗೆ ಟೀಮಿನ ಅರ್ಧ ಜನರನ್ನು ತೆಗೆಯುತ್ತಾರೆಂಬ ಸುದ್ದಿ ಹಬ್ಬಿತ್ತು. ಕೆಲಸ ಹೋದರೆ ಹಿಂದೆಯೇ ವೀಸಾ ಹೋಗುತ್ತದೆ.

"ಏನೂ ತರಬ್ಯಾಡ ಅಂದ್ರ ಬಾಟಲಿ ತಾ ಅಂತ ಅರ್ಥ," ಎಂದರು ಅಮೃತಪ್ಪ. ಧಾರವಾಡದವರು. ಮೂವತ್ತು ವರ್ಷ ಇಲ್ಲಿ ಇಂಗ್ಲಿಷರ ಆಸ್ಪತ್ರೆಗಳಲ್ಲಿ ಜನರಿಗೆ ಅರಿವಳಿಕೆ ಕೊಟ್ಟು ಕೊಟ್ಟು, ಎಚ್ಚರ ಇರುವವರು ಸಿಕ್ಕರೆ ಬಿಡುತ್ತಿರಲಿಲ್ಲ. "ಬರಿಗೈಲೆ ಹೋದ್ರ ನಿನ್ನ ಕತಿ ಮುಗೀತು. ಕೆಂಪು ವೈನ್ ಒಯ್ಯಿ."

"ಸಾರ್, ನಾನು ಜನ್ಮದಲ್ಲಿ ಒಂದು ಹನಿ ಮುಟ್ಟಿಲ್ಲ."

"ಅದಕ್ಕ ನಾ ಅದೀನಲ್ಲ! ನಡಿ."

"ಚಕ್ಕುಲಿ ಕೊಡ್ತೀನಿ, ಸಾಕು ರೀ," ಎಂದು ಸಮರ್ಥನ ಹೆಂಡತಿ ಪ್ರತೀಕ್ಷಾ ಬಾಗಿಲಲ್ಲಿ ನಿಂತು ಹೇಳಿದಳು. ಅಷ್ಟರಲ್ಲಿ ಡಾಕ್ಟರು ಅವನ ತೋಳು ಹಿಡಿದು ಬೀದಿಗೆ ಇಳಿಸಿಯಾಗಿತ್ತು.

ಅಂಗಡಿಯಲ್ಲಿ ನೂರಾರು ಬಾಟಲಿಗಳು ಇಂಟರ್‌ವ್ಯೂಗೆ ಕೂತ ಅಧಿಕಾರಿಗಳಂತೆ ಸಮರ್ಥನನ್ನೇ ನೋಡುತ್ತಿದ್ದವು. ಯಾವುದನ್ನು ಮುಟ್ಟಿದರೂ ಕೆಲಸ ಹೋಗುತ್ತದೆ ಅನ್ನಿಸಿತು. ಅಂಗಡಿಯ ಹುಡುಗಿ ಬಂದು, ಎಂಥದ್ದು ಬೇಕೆಂದು ಕೇಳಿದಳು.

"ಯಾರಿಗೂ ಸಿಟ್ಟು ಬರದೇ ಇರೋ ಅಂಥದ್ದು," ಎಂದ.

ಅವಳು ನಕ್ಕು, ದಪ್ಪನೆಯ ವೈನುಗಳಲ್ಲಿ ಟ್ಯಾನಿನ್ ಜಾಸ್ತಿ, ಅವು ಬೇಡ, ಬೋಜೊಲೆ ಎಂಬ ಹಗುರಾದ ಕೆಂಪು ವೈನ್ ಒಯ್ಯಿರಿ ಎಂದು ವಿವರಿಸಿದಳು. ಸಮರ್ಥನಿಗೆ ಒಂದಕ್ಷರವೂ ಅರ್ಥವಾಗಲಿಲ್ಲ.

"ಅಳಲೆಕಾಯಿ ಕಚ್ಚಿದಂಗ ನಾಲಿಗಿ ಒಗರಾಗಬಾರದೋ ತಮ್ಮಾ," ಎಂದು ಡಾಕ್ಟರು ಬಿಡಿಸಿ ಹೇಳಿದರು. "ಟ್ಯಾನಿನ್ ಕಡಿಮಿ, ಹಣ್ಣಿನ ರುಚಿ ಜಾಸ್ತಿ, ಕುಡಿಯೂಕಿಂತ ಮುಂಚೆ ಸ್ವಲ್ಪ ತಣ್ಣಗ ಮಾಡಬೇಕು. ಬಾಯಿಪಾಠ ಮಾಡು, ಆಕಿ ಕೇಳ್ತಾಳ."

ಹುಡುಗಿ ರುಚಿ ನೋಡಲು ಎರಡು ಸಣ್ಣ ಗ್ಲಾಸುಗಳಿಗೆ ಸುರಿದಳು. ಡಾಕ್ಟರು ತಮ್ಮದನ್ನು ಮುಗಿಸಿ, ಬೇಡವೆಂದು ಹಿಂದೆ ಸರಿದ ಸಮರ್ಥನ ಪಾಲನ್ನೂ ಎತ್ತಿಕೊಳ್ಳಲು ಹೋದರು. ಮೊಣಕೈ ತಾಗಿ ಅಷ್ಟೂ ಅವನ ಬಿಳಿ ಶರ್ಟಿನ ಮೇಲೆ ಬಿತ್ತು.

ಮನೆಗೆ ಹೋಗಿ ಶರ್ಟು ಬದಲಿಸಲು ಹೊತ್ತಿರಲಿಲ್ಲ. ಬಾಟಲಿಗೆ ದುಡ್ಡು ಕೊಟ್ಟು, ಜಾಕೆಟ್ಟಿನ ಜಿಪ್ಪು ಗಂಟಲವರೆಗೆ ಏರಿಸಿ ಟ್ಯೂಬ್ ರೈಲು ಹತ್ತಿದ. ಪಕ್ಕದ ಹೆಂಗಸು ಮೂಗು ಅರಳಿಸಿದಳು, ಎದ್ದು ಬೇರೆ ಕಡೆ ಕೂತಳು. ಸಮರ್ಥ ಬಾಟಲಿಯನ್ನು ತೊಡೆಗಳ ನಡುವೆ ಒತ್ತಿಕೊಂಡು, ಟ್ಯಾನಿನ್ ಕಡಿಮೆ, ಹಣ್ಣು ಜಾಸ್ತಿ ಎಂದು ಸಂಕಟಕ್ಕೆ ವೆಂಕಟರಮಣ ಎನ್ನುವವನಂತೆ ಜಪಿಸುತ್ತ, ಇಳಿಯಬೇಕಿದ್ದ ಫಿಂಚ್ಲಿ ರೋಡಿನವರೆಗೂ ಬೆವರಿದ.

ಹೆಲೆನ್ ಬಾಗಿಲು ತೆರೆದಳು. ಬಾಟಲಿ ನೋಡಿ ಅವಳ ಹುಬ್ಬು ಮೇಲೇರಿತು.

"ನೀನೇ ಆರಿಸಿದ್ದಾ?"

ಅಲ್ಲ ಎನ್ನಲು ಧೈರ್ಯ ಬರಲಿಲ್ಲ. "ಹೌದು," ಎಂದ. ಬಾಯಿ ತೆರೆದದ್ದೇ ತಡ, ಪಾಠವೆಲ್ಲ ಹೊರಬಿತ್ತು: ಟ್ಯಾನಿನ್, ಹಣ್ಣು, ತಣ್ಣಗೆ ಮಾಡುವುದು, ಎಲ್ಲ. ಒಳಗೆ ಹೀಟರಿನ ಸೆಖೆಗೆ ಜಾಕೆಟ್ಟು ಬಿಚ್ಚಬೇಕಾಯಿತು. ಹೆಲೆನ್ ಅವನ ಎದೆಯ ಮೇಲಿನ ಕೆಂಪು ಕಲೆಯನ್ನು ನೋಡಿದಳು.

ಊಟದ ಮೇಜಿನ ಮೇಲೆ ಇಬ್ಬರಿಗೇ ತಟ್ಟೆ. ಪಕ್ಕದಲ್ಲಿ ಒಂದು ಜಗ್ ಕಿತ್ತಳೆ ರಸ.

"ನಿನಗೊಂದು ಕೆಲಸ ಕೊಡೋಣ ಅಂತ ಕರೆದಿದ್ದೆ," ಎಂದಳು ಹೆಲೆನ್, ಬೇಸರದಿಂದ. "ಫ್ರಾನ್ಸಿನ ದೊಡ್ಡ ವೈನ್ ಕಂಪನಿಯೊಂದು ನಮ್ಮ ಹೊಸ ಗಿರಾಕಿ. ಇದುವರೆಗೆ ಅಲ್ಲಿಗೆ ನಾನು ಇಬ್ಬರನ್ನು ಕಳಿಸಿದೆ. ಇಬ್ಬರೂ ಅಲ್ಲಿ ಚೆನ್ನಾಗಿ ಕುಡಿದು, ಅವರು ಕೊಟ್ಟ ಕಾಗದಕ್ಕೆಲ್ಲ ಸಹಿ ಹಾಕಿ ಬಂದರು. ಒಂದು ತೊಟ್ಟೂ ಮುಟ್ಟದವನು ಬೇಕಿತ್ತು. ನೀನು ಅಂಥವನು ಅಂತ ಟೀಮಿನಲ್ಲಿ ಎಲ್ಲರೂ ಹೇಳಿದ್ದರು. ಮೂರು ವರ್ಷದ ಕೆಲಸ, ವೀಸಾ ಸಮೇತ."

ಸಮರ್ಥನಿಗೆ ಕಣ್ಣು ಕತ್ತಲೆ ಬಂತು. "ನಾನು ನಿಜವಾಗಲೂ ಕುಡಿಯೋದೇ ಇಲ್ಲ! ದೇವರಾಣೆ!"

"ಕುಡಿಯೋರೆಲ್ಲ ಹಾಗೇ ಹೇಳೋದು," ಎಂದು ಹೆಲೆನ್ ಅವನ ಕೈ ತಟ್ಟಿದಳು. "ನಾಚಿಕೊಳ್ಳಬೇಡ. ಅಲ್ಲಿಗೆ ನಮ್ಮ ಟೀಮಿನ ಇನ್ನೊಬ್ಬ ಕುಡಿಯದ ಹುಡುಗ ಶ್ರೀರಂಗನನ್ನು ಕಳಿಸ್ತೀನಿ. ನಿನಗೆ ಬೇರೆ ಜವಾಬ್ದಾರಿ. ಡಿಸೆಂಬರಿನ ಆಫೀಸ್ ಪಾರ್ಟಿಗೆ ಇನ್ನೂರು ಜನ ಬರ್ತಾರೆ, ಅಷ್ಟೂ ವೈನ್ ನೀನೇ ಆರಿಸು. ಯಾರು ಇರಬೇಕು, ಯಾರು ಹೋಗಬೇಕು ಅಂತ ತೀರ್ಮಾನ ಮಾಡೋ ಡೈರೆಕ್ಟರು ಮೊದಲ ಗ್ಲಾಸು ರುಚಿ ನೋಡ್ತಾರೆ. ಆಮೇಲೆ ನೀನು ಸ್ಟೇಜಿನ ಮೇಲೆ ನಿಂತು ಈಗ ಹೇಳಿದ ಹಾಗೇ ವಿವರಿಸಬೇಕು."

ಕಿತ್ತಳೆ ರಸದ ಜಗ್ಗನ್ನು ಪಕ್ಕಕ್ಕಿಟ್ಟು, ಅವನ ಮುಂದೆ ಗ್ಲಾಸು ತುಂಬ ವೈನ್ ಸುರಿದಳು.

ಮೂವತ್ತನಾಲ್ಕು ವರ್ಷದ ಬದುಕಿನಲ್ಲಿ ಮೊದಲ ಸಲ ಸಮರ್ಥನ ಕೈ ತಾನಾಗಿಯೇ ಆ ಗ್ಲಾಸಿನ ಕಡೆ ಹೋಯಿತು.