ನಾರ್ಮನ್ ಲಂಬರ್ ಆಗದಿರಲು ಹೊರಟದ್ದು

"ಆಕಾಶವೇ ಕಳಚಿ ಬೀಳಲಿ ಮೇವಿಸ್, ಈ ವರ್ಷ ಮಾತ್ರ ನಾನು ಲಂಬರ್ ಆಗಲ್ಲ!" ಎಂದು ನಾರ್ಮನ್ ಹೆಪಲ್ ಟೋಸ್ಟಿಗೆ ಮಾರ್ಮಲೇಡ್ ಬಳಿಯುತ್ತ ಘೋಷಿಸಿದ.

ಲಂಬರ್ ಆಗುವುದೆಂದರೆ ಯಾರಿಗೂ ಬೇಡವಾದ ಹೊರೆ ಬಂದು ನಮ್ಮ ಕೊರಳಿಗೇ ಗಂಟು ಬೀಳುವುದು. ಲಿಂಕನ್‌ಶೈರಿನ ಆ ಪುಟ್ಟ ಊರಿನಲ್ಲಿ ಈ ಮಾತನ್ನು ಆಡದವರಿಲ್ಲ. ನಾರ್ಮನ್‌ನಷ್ಟು ಅನುಭವಿಸಿದವರೂ ಇಲ್ಲ. ತೋಟಗಾರರ ಸಂಘದ ನಲ್ಲಿಯ ಬೀಗದ ಕೈ, ಗೊಬ್ಬರ ಹಂಚುವ ಭಾಗ್ಯ, ಕಳೆದ ವರ್ಷ ತರಕಾರಿ ಪ್ರದರ್ಶನದ ಕಾರ್ಯದರ್ಶಿ ಪಟ್ಟ, ಎಲ್ಲವೂ ಹೀಗೇ ಒಲಿದು ಬಂದಿದ್ದವು. ಪ್ರದರ್ಶನ ಆಗಸ್ಟಿನಲ್ಲಿ. ಹೆಂಡತಿ ಮೇವಿಸ್ ಕಡಲತೀರಕ್ಕೆ ಹೋಗುವುದೂ ಆಗಲೇ. ಕಳೆದ ವರ್ಷ ಅವಳು ಅಕ್ಕ ಎಡ್ನಾಳ ಜೊತೆ ಹೋಗಬೇಕಾಯಿತು. ಗಂಡನಿಲ್ಲದ ಸಮುದ್ರ! ನಾರ್ಮನ್‌ಗೆ ಕರುಳು ಚುರುಕ್ಕೆಂದಿತ್ತು.

"ಈ ಸಲ ನಾನು ಬಂದೇ ಬರ್ತೀನಿ" ಎಂದ.

"ನನಗೋಸ್ಕರ ಕಷ್ಟಪಡಬೇಡಪ್ಪ. ನೀನಿಲ್ಲದಿದ್ರೆ ಸಂಘದ ಗತಿಯೇನು?" ಎಂದಳು ಮೇವಿಸ್.

"ಅಣಕಿಸ್ತೀಯಾ? ನೋಡ್ತಿರು!"

ಮಧ್ಯಾಹ್ನ ಸಭೆ. ನಾರ್ಮನ್ ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂತ. ಅಧ್ಯಕ್ಷ ಪಿಕರಿಂಗ್ ಕನ್ನಡಕ ಏರಿಸಿ, "ಕಾರ್ಯದರ್ಶಿ ಕೆಲಸಕ್ಕೆ ಯಾರಿದ್ದೀರಿ?" ಎಂದರು.

ಊರಿಗೆ ಊರೇ ತನ್ನ ತನ್ನ ಬೂಟಿನ ಅಧ್ಯಯನಕ್ಕೆ ತೊಡಗಿತು. ಮೌನ. ಎಲ್ಲೋ ಒಂದು ಬಿಸ್ಕತ್ತು ಮುರಿಯಿತು. ಮತ್ತೆ ಮೌನ. ಎಂಥ ಮಳೆಯನ್ನಾದರೂ ತಡೆದುಕೊಳ್ಳುವ ಆ ಜನಕ್ಕೆ ಇದೊಂದನ್ನು ತಡೆಯಲಾಗದು. ನಾರ್ಮನ್ ಹಲ್ಲು ಕಚ್ಚಿ ಕೂತ.

"ಹಾಗಾದ್ರೆ ಈ ವರ್ಷ ಪ್ರದರ್ಶನವೇ ಇಲ್ಲ ಅನ್ನೋಣ" ಎಂದು ಪಿಕರಿಂಗ್ ನಿಟ್ಟುಸಿರಿಟ್ಟರು. ಕುಂಬಳಕಾಯಿಯನ್ನು ಮಗುವಿನಂತೆ ಸಾಕುತ್ತಿದ್ದ ಮುದುಕಿ ಒಬ್ಬರು ಮೂಗು ಒರೆಸಿಕೊಂಡರು. ಎಲ್ಲರ ಕತ್ತೂ ಮೆಲ್ಲಗೆ ಕಂಬದ ಕಡೆ ತಿರುಗಿತು.

ನಾಲ್ಕು ಜನರೆದುರು "ಆಗಲ್ಲ" ಎಂದು ನೇರ ಹೇಳುವುದು ಅಲ್ಲಿ ಬಟ್ಟೆ ಬಿಚ್ಚಿ ನಿಂತಷ್ಟೇ ಅಸಭ್ಯ. ನಾರ್ಮನ್ ಎದ್ದ. ತನಗೆ ತಿಳಿದ ಅತ್ಯಂತ ಕಠೋರ ನಿರಾಕರಣೆಯನ್ನು ಮುಖಕ್ಕೆ ರಾಚಿದ:

"ನನಗೆ ತುಂಬಾ ಸಂತೋಷವೇ ಆಗ್ತಿತ್ತು... ಆದ್ರೆ ಆಗಸ್ಟಿನಲ್ಲಿ ಒಂಚೂರು ತೊಂದರೆ ಆಗಬಹುದೇನೋ..."

"ಒಂಚೂರು ತಾನೇ? ಬಹಳ ದೊಡ್ಡ ಮನಸ್ಸು ನಾರ್ಮನ್! ಅನುಮೋದಿಸುವವರು?"

ಕಳೆ ಕೀಳಲು ಎಂದೂ ಏಳದ ಕೈಗಳೆಲ್ಲ ಒಟ್ಟಿಗೆ ಎದ್ದವು. ಚಪ್ಪಾಳೆಯೋ ಚಪ್ಪಾಳೆ! ನಾರ್ಮನ್ "ಥ್ಯಾಂಕ್ಯೂ" ಬೇರೆ ಹೇಳಿದ.

ದಾರಿಯಲ್ಲಿ ಹೂಗುಚ್ಛ ಕೊಂಡ. ಕ್ಷಮೆಯ ಮಾತುಗಳನ್ನು ಉರು ಹೊಡೆಯುತ್ತ ಮನೆಗೆ ಬಂದು ಸದ್ದಿಲ್ಲದೆ ಬಾಗಿಲು ತೆರೆದ. ಮೇವಿಸ್ ಬೆನ್ನು ತಿರುಗಿಸಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು.

"ಎಡ್ನಾ, ಪಿಕರಿಂಗ್ ಹೆಂಡತಿ ಈಗ ಫೋನ್ ಮಾಡಿದ್ಲು ಕಣೇ. ಒಪ್ಪಿಕೊಂಡುಬಿಟ್ನಂತೆ!... ಹೂಂ, ನಾವಿಬ್ಬರೇ. ಬೂಟಿನೊಳಗೆ ಮರಳು ಹೋಯ್ತು, ಟೀ ತಣ್ಣಗಾಯ್ತು ಅನ್ನೋ ರಾಗ ಇಲ್ಲ... ಅಬ್ಬ, ಬೆಳಿಗ್ಗೆ ಹೆದರಿಸಿಬಿಟ್ಟಿದ್ದ. ಸದ್ಯ, ಈ ವರ್ಷವೂ ನಾನು ಲಂಬರ್ ಆಗ್ಲಿಲ್ಲ!"

ನಾರ್ಮನ್ ಒಂದು ಹೆಜ್ಜೆ ಹಿಂದೆ ಸರಿದ. ಬಾಗಿಲನ್ನು ಮೆತ್ತಗೆ ಎಳೆದುಕೊಂಡ. ಟೈ ಸರಿಮಾಡಿಕೊಂಡು, ಮೂವತ್ತು ವರ್ಷದಿಂದ ತಾನೇ ಬಣ್ಣ ಬಳಿಯುತ್ತ ಬಂದ ಆ ಬಾಗಿಲ ಮುಂದೆ ನಿಂತು, ಗಂಟೆ ಒತ್ತಿದ.