ಸಮ್ಮೇಳನಕ್ಕೆ ಆನ್‌ಲೈನಿನವರೂ ಬಂದರು

ಕೊಳ್ಳೇಗಾಲದ ನಮ್ಮ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ವಿದ್ಯಾರ್ಥಿಗಳ ಸಂಶೋಧನಾ ಸಮ್ಮೇಳನ ನಡೆಯುತ್ತದೆ. ಮೊದಲೆಲ್ಲ ಅಲ್ಲಿ ನಿದ್ದೆ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಮನೆಯಿಂದಲೇ ಓದುವ ಆನ್‌ಲೈನ್ ವಿದ್ಯಾರ್ಥಿಗಳನ್ನೂ ಸೇರಿಸಿಕೊಂಡ ಮೇಲೆ ನಗು ಬರತೊಡಗಿತು, ಇನ್ನೂ ನಿಂತಿಲ್ಲ. ನಾನು ಅರ್ಥಶಾಸ್ತ್ರದ ಮೇಷ್ಟ್ರು. ಯಾವತ್ತೋ ಪ್ರೊಜೆಕ್ಟರಿನ ವೈರನ್ನು ಸರಿಯಾದ ತೂತಿಗೆ ಸಿಕ್ಕಿಸಿದ್ದೇ ನೆಪವಾಗಿ ತಂತ್ರಜ್ಞಾನದ ಉಸ್ತುವಾರಿ ನನ್ನ ತಲೆಗೆ ಬಿತ್ತು.

ಸನ್ಮಾನ

ಮೊದಲ ವರ್ಷ ಕೌದಳ್ಳಿಯ ಹುಡುಗಿಯೊಬ್ಬಳು ತನ್ನ ಮನೆಯಲ್ಲೇ ಕೂತು ರಾಗಿ ಬೆಳೆಯ ಬಗ್ಗೆ ಪ್ರಬಂಧ ಓದಿದಳು. ವೇದಿಕೆಯ ದೊಡ್ಡ ಟೀವಿಯಲ್ಲಿ ಅವಳ ಮುಖ, ಟೀವಿಯ ನೆತ್ತಿಯ ಮೇಲೆ ನಮ್ಮ ಕ್ಯಾಮೆರಾ. ಪ್ರಬಂಧ ಓದಿದವರಿಗೆಲ್ಲ ಶಾಲು ಹೊದಿಸುವುದು ನಮ್ಮಲ್ಲಿ ಪದ್ಧತಿ. ಆನ್‌ಲೈನಿನವರಿಗೆ ಭೇದ ಮಾಡಬಾರದೆಂದು ಪ್ರಿನ್ಸಿಪಾಲರ ನಿಲುವು. ಅವರು ಎದ್ದು ಹೋಗಿ ಟೀವಿಗೇ ಶಾಲು ಹೊದಿಸಿ, ಫೋಟೋಗೆ ನಿಂತು ನಕ್ಕರು.

ಶಾಲಿನೊಳಗಿಂದ ಹುಡುಗಿಯ ದನಿ ಬಂತು: "ಸಾ, ನಮ್ಮೂರಲ್ಲಿ ಕರೆಂಟದೆ. ನಿಮ್ಮಲ್ಲಿ ಓಯ್ತಾ?"

ಅಜ್ಜಿಯ ಅಭಿಪ್ರಾಯ

ಮರುವರ್ಷ ಭಾಷಣಕ್ಕೆ ಮೈಸೂರಿನಿಂದ ಒಬ್ಬ ವಿದ್ವಾಂಸರನ್ನು ಕರೆಸಿದ್ದೆವು. ಪೀಠಿಕೆಯಲ್ಲೇ ಊಟದ ಹೊತ್ತು ಮೀರಿತು. ಅಡುಗೆ ಕಡೆಯಿಂದ ಬರುತ್ತಿದ್ದ ಸಾರಿನ ವಾಸನೆಯೂ ಬೇಸತ್ತು ಹೊರಟುಹೋಯಿತು. ಎದ್ದು ಹೇಳುವ ಧೈರ್ಯ ಯಾರಿಗೂ ಇಲ್ಲ.

ಆಗ ಆನ್‌ಲೈನಿನಲ್ಲಿದ್ದ ಯಳಂದೂರು ಕಡೆಯ ಒಬ್ಬ ವಿದ್ಯಾರ್ಥಿ ಮೈಕು ಮುಚ್ಚುವುದನ್ನು ಮರೆತಿದ್ದ. ಅವನ ಅಜ್ಜಿ ಕೇಳಿದ್ದು ಇಡೀ ಸಭಾಂಗಣಕ್ಕೆ ಕೇಳಿಸಿತು: "ಲೇ, ಈ ವಯ್ಯ ಬೆಳಗ್ಗಿಂದ ಒಂದೇ ಮಾತ ಏಳ್ತಾವ್ನಲ್ಲಾ, ಇವ್ನಿಗೆ ಮನೆ ಮಠ ಇಲ್ವಾ?"

ವಿದ್ವಾಂಸರು ಮಾತು ನಿಲ್ಲಿಸಿದರು. ನಾನು ಗಾಬರಿಯಿಂದ ಆ ಮೈಕು ಮುಚ್ಚಲು ಕಂಪ್ಯೂಟರಿನತ್ತ ಓಡಿದೆ. ಪ್ರಿನ್ಸಿಪಾಲರು ದಾರಿಯಲ್ಲೇ ನನ್ನ ತೋಳು ಹಿಡಿದು, ಕಿವಿಯಲ್ಲಿ ಹೇಳಿದರು: "ಇರ್ಲಿ ಬಿಡ್ರಿ. ಅಜ್ಜಿ ಇನ್ನೊಂದು ಸಲ ಹೇಳ್ತಾರೇನೋ ನೋಡೋಣ."

ಟ್ಯಾಂಕಿನ ಮೇಲಿಂದ

ಕಳೆದ ವರ್ಷದ್ದು ಇವೆಲ್ಲಕ್ಕೂ ಅಪ್ಪ. ಹನೂರಿನಾಚೆಯ ಒಂದು ಹಳ್ಳಿಯ ವಿದ್ಯಾರ್ಥಿನಿಯ ವಿಷಯ, ತನ್ನ ಊರಿನ ಕುಡಿಯುವ ನೀರು. ನಲ್ಲಿಗಳೆಲ್ಲ ಇವೆ, ಟ್ಯಾಂಕೂ ತುಂಬಿದೆ, ಆದರೆ ನೀರು ಬಿಡುವವನಿಗೆ ಮನಸ್ಸು ಬಂದಾಗ ಮಾತ್ರ ನೀರು ಎಂಬುದು ಅವಳ ಶೋಧ. ಸಮ್ಮೇಳನದ ಬಹುಮಾನ ತನಗೇ ಬರಬೇಕೆಂದು ತಿಂಗಳುಗಟ್ಟಲೆ ಮನೆಮನೆ ಸುತ್ತಿದ್ದಳು. ಆದರೆ ಆ ದಿನ ಊರಲ್ಲಿ ಎಲ್ಲೂ ಸಿಗ್ನಲ್ ಸಿಗಲಿಲ್ಲ. ಅವಳು ಹಿಂದುಮುಂದು ನೋಡದೆ ಅದೇ ನೀರಿನ ಟ್ಯಾಂಕು ಹತ್ತಿ, ಮೇಲಿನ ಕಟ್ಟೆಯ ಮೇಲೆ ನಿಂತು ಪ್ರಬಂಧ ಶುರುಮಾಡಿದಳು.

ಕೆಳಗಿದ್ದವರಿಗೆ ಕಂಡಿದ್ದೇ ಬೇರೆ. ಒಬ್ಬ ಹೆಣ್ಣುಮಗಳು ಟ್ಯಾಂಕಿನ ಮೇಲೆ ನಿಂತು, ಕೈ ಬೀಸಿ, ನೀರು ನೀರು ಎಂದು ಕೂಗುತ್ತಿದ್ದಾಳೆ. ನೋಡನೋಡುತ್ತ ಊರು ನೆರೆಯಿತು. ಪಂಚಾಯ್ತಿ ಮೆಂಬರು ಪಂಚೆ ಎತ್ತಿಕಟ್ಟಿ ಓಡಿ ಬಂದು, ಏಣಿಯ ಅರ್ಧದವರೆಗೆ ಹತ್ತಿದರು. ಮುಂದಕ್ಕೆ ಕಾಲು ಬರದೆ ಅಲ್ಲೇ ಕಂಬಿ ತಬ್ಬಿಕೊಂಡು ನಿಂತರು. ಅವಳಿಗೂ ಏನಾಗುತ್ತಿದೆಯೆಂದು ತಿಳಿಯದೆ ಫೋನನ್ನು ಕೆಳಕ್ಕೆ ತಿರುಗಿಸಿದಳು. ಹಾಗಾಗಿ ಇದೆಲ್ಲ ನಮಗೆ ದೊಡ್ಡ ಪರದೆಯ ಮೇಲೆ ಕಾಣುತ್ತಿತ್ತು.

ಮೆಂಬರು ಕೈಮುಗಿಯಲು ಹೋಗಿ, ಬೀಳುವಂತಾಗಿ, ಮತ್ತೆ ಕಂಬಿ ಹಿಡಿದರು. "ಇಳಿ ಕಣವ್ವಾ, ಸಂದೆಗೆಲ್ಲಾ ನೀರು ಬುಡುಸ್ತೀನಿ."

"ವಸಿ ತಾಳಿ ಸಾ," ಎಂದಳು ಹುಡುಗಿ, ಬಹುಮಾನದ ಮೇಲೆಯೇ ಗಮನವಿಟ್ಟು. "ಉಪಸಂಹಾರ ಒಂದು ಬಾಕಿ ಅದೆ. ಅದ ಮುಗ್ಸೇ ಇಳಿಯದು."

ಮೆಂಬರಿಗೆ ಉಪಸಂಹಾರದಲ್ಲಿ ಕೇಳಿಸಿದ್ದು ಕೊನೆಯ ಅರ್ಧ ಮಾತ್ರ. "ಸಂಹಾರ ಗಿಂಹಾರ ಬ್ಯಾಡ ಕಣವ್ವಾ, ಈಗ್ಲೇ ಬುಡುಸ್ತೀನಿ," ಎಂದವರೇ ಕೆಳಗೆ ನಿಂತಿದ್ದ ನೀರು ಬಿಡುವವನಿಗೆ ಹುಟ್ಟಿದ ದಿನದಿಂದ ಹಿಡಿದು ಬೈದರು. ಅವನು ವಾಲ್ವಿನತ್ತ ಓಡಿದ. ಹುಡುಗಿ ಉಪಸಂಹಾರ ಓದಿ ಮುಗಿಸುವಷ್ಟರಲ್ಲಿ ಊರ ಹೆಂಗಸರೆಲ್ಲ ಕೊಡ ಹಿಡಿದು ನಲ್ಲಿಗಳತ್ತ ಓಡುತ್ತಿದ್ದರು.

ನಮ್ಮ ತೀರ್ಪುಗಾರರು ಎಲ್ಲರಿಗೂ ತಪ್ಪದೆ ಕೇಳುವುದು ಒಂದೇ ಪ್ರಶ್ನೆ, ನಿಮ್ಮ ಸಂಶೋಧನೆಯಿಂದ ಸಮಾಜಕ್ಕೇನು ಉಪಯೋಗ ಎಂದು. ಮೈಕು ಕೈಗೆ ತಗೊಂಡು ಎದ್ದವರು, ಪರದೆಯ ಮೇಲೆ ತುಂಬಿ ಹರಿಯುತ್ತಿದ್ದ ಕೊಡಗಳನ್ನು ನೋಡಿದರು.

"ನನ್ನದೇನೂ ಪ್ರಶ್ನೆ ಇಲ್ಲ," ಎಂದು ಕೂತುಬಿಟ್ಟರು.